ಓಡದ ಸಿನಿಮಾಗಳ ಗ್ಲೌಸಕ್ಕ

ನನ್ನ ಸೋದರತ್ತೆ ಮೂವತ್ತೆಂಟು ವರ್ಷ ಸಿನಿಮಾಗಳನ್ನು ಕೈಯಲ್ಲಿ ಹಿಡಿದು ನೋಡಿದವಳು. ಮಾತಿನ ಚಂದಕ್ಕೆ ಹೇಳುತ್ತಿಲ್ಲ. ಸಿನಿಮಾ ಹಂಚಿಕೆ ಮಾಡುವ ಡಿಪೋ ಒಂದರಲ್ಲಿ ಅವಳದು ಪ್ರಿಂಟ್ ತಪಾಸಣೆಯ ಕೆಲಸ. ಚಿತ್ರಮಂದಿರಗಳಿಂದ ವಾಪಸು ಬಂದ ರೀಲುಗಳನ್ನು ಬಿಚ್ಚಿ, ಹಾಲುಬಣ್ಣದ ಗಾಜಿನ ಕೆಳಗೆ ದೀಪ ಉರಿಯುವ ಮೇಜಿನ ಮೇಲೆ ಈ ಚಕ್ರದಿಂದ ಆ ಚಕ್ರಕ್ಕೆ ಸುತ್ತುತ್ತಾ, ಎಲ್ಲಿ ಹರಿದಿದೆ, ಎಲ್ಲಿ ಅಂಚಿನ ತೂತು ಕಿತ್ತಿದೆ, ಯಾವ ಆಪರೇಟರ್ ಎಲ್ಲಿ ಅಡ್ಡಾದಿಡ್ಡಿ ಅಂಟಿಸಿದ್ದಾನೆ ಎಂದು ಹುಡುಕಿ ಸರಿಮಾಡುವುದು. ಬೆರಳಿನ ಬೆವರು ಫಿಲ್ಮಿಗೆ ತಾಗದಂತೆ ಬಿಳಿ ಹತ್ತಿಯ ಗ್ಲೌಸ್ ಹಾಕಬೇಕೆಂಬುದು ಅಲ್ಲಿಯ ನಿಯಮ. ಉಳಿದವರು ಹಾಕಿದರೆ ಹಾಕಿದರು, ಇಲ್ಲದಿದ್ದರೆ ಇಲ್ಲ. ಅತ್ತೆ ಮಾತ್ರ ಟೀ ಕುಡಿದಾದ ಮೇಲೆ ಕೈ ತೊಳೆದು, ಒರೆಸಿ, ಗಾಳಿಗೆ ಆರಿಸಿ, ಆಮೇಲೆ ಗ್ಲೌಸ್ ಏರಿಸಿಯೇ ಫಿಲ್ಮ್ ಮುಟ್ಟುವವಳು. ಹಾಗಾಗಿ ಡಿಪೋದವರು ಅವಳಿಗೆ ಗ್ಲೌಸಕ್ಕ ಎಂದು ಹೆಸರಿಟ್ಟರು. ಆ ಹೆಸರು ಮನೆಯವರೆಗೂ ಬಂತು. ನಮ್ಮಪ್ಪ ತನ್ನ ಅಕ್ಕನನ್ನು ನಿಜವಾದ ಹೆಸರು ಹಿಡಿದು ಕರೆದರೆ ಏನೋ ಜಗಳವಾಗಿದೆ ಎಂದೇ ಅರ್ಥ.

ಅವಳಿಗೆ ಆ ಕೆಲಸ ಸಿಕ್ಕಿದ್ದು ಒಂದು ಕೋಟಿನ ದೆಸೆಯಿಂದ. ನಮ್ಮಜ್ಜಿ ಬಟ್ಟೆಗೆ ರಫು ಹಾಕುತ್ತಿದ್ದಳು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಎರಡು ಅಂಗಡಿಗಳ ನಡುವಿನ ಮೆಟ್ಟಿಲ ಕೆಳಗಿನ ಜಾಗದಲ್ಲಿ ಒಂದು ಕುರ್ಚಿ, ಒಂದು ದೀಪ, ಒಂದು ಸೂಜಿಡಬ್ಬಿ. ಡಿಪೋದ ಯಜಮಾನರು ಸಿಗರೇಟಿನಿಂದ ಸುಟ್ಟ ಕೋಟೊಂದನ್ನು ಅಲ್ಲಿಗೆ ಕೊಟ್ಟುಹೋಗಿದ್ದರು. ಅಜ್ಜಿಗೆ ಆ ವಾರ ಕಣ್ಣುನೋವು. ಹತ್ತೊಂಬತ್ತು ವರ್ಷದ ಅತ್ತೆ ಕೂತು ರಫು ಮುಗಿಸಿದಳು. ಯಜಮಾನರು ಕೋಟನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮಗುಚಿ, ಸುಟ್ಟ ಜಾಗ ಎಲ್ಲಿತ್ತೆಂದು ತಾವೇ ಹುಡುಕಲಾರದೆ ಸೋತರು. ಈ ಕೈ ನಮಗೆ ಬೇಕು ಎಂದು ಅಜ್ಜಿಯನ್ನೇ ಕೇಳಿದರು. ಅಜ್ಜಿ ಅತ್ತೆಯ ಕಡೆ ಕೈ ತೋರಿಸಿ, ಕೈ ಅವಳದು, ಅವಳನ್ನೇ ಕೇಳಿ ಅಂದಳಂತೆ.

ಡಿಪೋ ಇದ್ದದ್ದು ಹಳೆಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಅದರ ತುಂಬ ದುಂಡನೆಯ ತಗಡಿನ ಡಬ್ಬಿಗಳು. ಬಾಗಿಲು ತೆಗೆದರೆ ಮೂಗಿಗೆ ಬಡಿಯುವ ಹುಳಿವಾಸನೆ. ಹಳೆಯ ಫಿಲ್ಮ್ ಕೆಡತೊಡಗಿದರೆ ಹಾಗೆ ನಾರುತ್ತದೆ. ಅದರ ಮೇಲೆ ಫಿಲ್ಮ್ ಅಂಟಿಸುವ ದ್ರಾವಣದ ಘಾಟು. ಅತ್ತೆ ಮನೆಗೆ ಬಂದರೆ ಅವಳಿಗಿಂತ ಮೊದಲು ಅವಳ ವಾಸನೆ ಬರುತ್ತಿತ್ತು. ಅಜ್ಜಿ ಅವಳ ಬಟ್ಟೆಗಳನ್ನು ಬೇರೆಯೇ ನೆನೆಹಾಕುತ್ತಿದ್ದಳು.

ಎಷ್ಟೋ ರೀಲುಗಳು ಹಿಂದುಮುಂದಾಗಿ ಸುತ್ತಿ ಬರುತ್ತಿದ್ದವು. ಆಪರೇಟರುಗಳಿಗೆ ಕೊನೆಯ ಆಟ ಮುಗಿದ ಮೇಲೆ ತಿರುಗಿಸಿ ಸುತ್ತುವಷ್ಟು ವ್ಯವಧಾನ ಎಲ್ಲಿ? ಹಾಗಾಗಿ ಅತ್ತೆ ಸಿನಿಮಾಗಳನ್ನು ಕೊನೆಯಿಂದ ನೋಡುತ್ತಿದ್ದಳು. ಮೊದಲು ಹೆಣ, ಆಮೇಲೆ ಗುಂಡೇಟು, ಆಮೇಲೆ ಜಗಳ, ಕೊನೆಗೆ ಇಬ್ಬರೂ ಜೀವದ ಗೆಳೆಯರು. ಅದೂ ಸದ್ದಿಲ್ಲದೆ. ಊಟಕ್ಕೆ ಕೂತಾಗ ಅವಳು ಆ ಕಥೆಗಳನ್ನು ಹಾಗೆಯೇ ಹೇಳುವಳು. ಅವನು ಯಾಕೆ ಸತ್ತ ಎಂದು ಅಪ್ಪ ಕೇಳಿದರೆ, ನಾಳೆ ಗೊತ್ತಾಗತ್ತೆ, ಇನ್ನೂ ಆರು ರೀಲು ಬಾಕಿ ಇದೆ ಅನ್ನುವಳು.

ಯಾವ ಸಿನಿಮಾ ಓಡಿದೆ, ಯಾವುದು ಮಲಗಿದೆ ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ನೂರು ದಿನ ಓಡಿದ ಪ್ರಿಂಟ್ ಹಳೆಯ ಬಸ್ಸಿನ ಸೀಟಿನಂತೆ ಬರುತ್ತಿತ್ತು, ಮೈತುಂಬ ಗೀರು, ಹೆಜ್ಜೆಗೊಂದು ತೇಪೆ. ಮಲಗಿದ ಸಿನಿಮಾದ ಪ್ರಿಂಟ್ ಮಡಿಕೆ ಬಿಚ್ಚದ ಹೊಸ ಬಟ್ಟೆಯಂತೆ ಗರಿಗರಿಯಾಗಿ ಬರುತ್ತಿತ್ತು. ಅದರಲ್ಲಿ ಅವಳಿಗೆ ಮಾಡಲು ಏನೂ ಕೆಲಸವಿರುತ್ತಿರಲಿಲ್ಲ. ಕೆಲಸವಿಲ್ಲದ್ದರಿಂದಲೇ ಅವಳು ಅವುಗಳನ್ನು ನಿಧಾನವಾಗಿ ನೋಡುತ್ತಿದ್ದಳು. ಬಹಳಷ್ಟು ಸಿನಿಮಾಗಳು ಮಲಗಬೇಕಾದವೇ ಎಂಬುದು ಅವಳ ತೀರ್ಮಾನವೂ ಆಗಿತ್ತು. ಅವಳನ್ನು ಯಾರೂ ಮರುಳು ಎನ್ನುವಂತಿರಲಿಲ್ಲ.

ಅವಳಿಗೆ ಮೂವತ್ತೊಂದು ವರ್ಷವಿದ್ದಾಗ ಹನ್ನೊಂದು ರೀಲಿನ ಒಂದು ಸಿನಿಮಾ ಬಿಡುಗಡೆಯಾಗಿ ಐದೇ ದಿನಕ್ಕೆ ವಾಪಸು ಬಂತು. ಬಸ್ ನಿಲ್ದಾಣವೊಂದರಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಇಡುವ ಕೋಣೆ. ಅದರಲ್ಲೊಬ್ಬಳು ನಡುವಯಸ್ಸಿನ ಗುಮಾಸ್ತೆ. ಕೊಡೆ, ಬುತ್ತಿಡಬ್ಬಿ, ಒಂಟಿ ಚಪ್ಪಲಿ, ಯಾರದೋ ಹಲ್ಲಿನ ಸೆಟ್ಟು. ತೊಂಬತ್ತು ದಿನದಲ್ಲಿ ಯಾರೂ ಬರದಿದ್ದರೆ ಹರಾಜು. ಅವಳು ತನ್ನ ರಜಾದಿನಗಳಲ್ಲಿ ಆ ಸಾಮಾನುಗಳ ಒಡೆಯರನ್ನು ಹುಡುಕಿಕೊಂಡು ಹೊರಡುತ್ತಾಳೆ. ಇಷ್ಟೇ ಕಥೆ. ಹೊಡೆದಾಟವಿಲ್ಲ, ಹಾಡಿಲ್ಲ, ನಾಯಕನೂ ಇಲ್ಲ. ಐದನೇ ರೀಲಿನಲ್ಲಿ ಅವಳು ಒಬ್ಬ ಮುದುಕನ ಮನೆಗೆ ಹೋಗಿ ಒಂದು ಹೆಂಗಸಿನ ಕನ್ನಡಕವನ್ನು ಮೇಜಿನ ಮೇಲೆ ಇಡುತ್ತಾಳೆ. ಮುದುಕ ಅದನ್ನು ನೋಡುತ್ತಾನೆ. ಅವನ ತುಟಿ ಅಲುಗುತ್ತದೆ, ಎರಡು ಸಣ್ಣ ವಾಕ್ಯದಷ್ಟು. ಆಮೇಲೆ ಇಬ್ಬರೂ ಸುಮ್ಮನೆ ಕೂತಿರುತ್ತಾರೆ. ಆ ಸುಮ್ಮನೆ ಕೂತ ಷಾಟ್ ಅತ್ತೆಯ ಕೈಯಲ್ಲಿ ಮುಗಿಯಲೇ ಇಲ್ಲ. ಅಳೆದು ನೋಡಿದಳು, ಅರವತ್ತು ಅಡಿ. ಅಂದರೆ ಪರದೆಯ ಮೇಲೆ ನಲವತ್ತು ಸೆಕೆಂಡು.

ಮುದುಕ ಏನು ಹೇಳಿದ ಎಂಬುದು ಅವಳ ತಲೆ ಹೊಕ್ಕಿತು. ಫಿಲ್ಮಿನ ಅಂಚಿನಲ್ಲಿ ಸದ್ದಿನ ಗೆರೆಗಳು ಕಾಣುತ್ತವೆ, ಕೇಳುವುದಿಲ್ಲ. ಭೂತಗನ್ನಡಿ ಹಿಡಿದು ತುಟಿ ಓದಲು ನೋಡಿದಳು. ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು, ಹೀಗೆ ತುಟಿ ಮಾಡಿದರೆ ಯಾವ ಮಾತು ಬರತ್ತೆ ಎಂದು ಕೇಳಿದಳು. ಅಜ್ಜಿ, ಹಸಿವಾಗಿದೆ ಅಂತಿರಬೇಕು ಎಂದಳು. ಮೂರು ದಿನವಾದ ಮೇಲೆ ಅತ್ತೆ ಯಜಮಾನರ ಮುಂದೆ ಹೋಗಿ ನಿಂತಳು. ಡಿಪೋದಲ್ಲಿ ಚಿತ್ರಮಂದಿರದವರಿಗೆ ಸಿನಿಮಾ ತೋರಿಸಲು ಹನ್ನೆರಡು ಕುರ್ಚಿಯ ಸಣ್ಣ ಕೋಣೆ ಇತ್ತು. ಅದರಲ್ಲಿ ಈ ಸಿನಿಮಾ ಒಂದು ಸಲ ಹಾಕಿ ತೋರಿಸಿ ಎಂದು ಕೇಳಿದಳು. ಸತ್ತ ಎಮ್ಮೆಗೆ ಹುಲ್ಲು ಯಾಕಮ್ಮ ಎಂದರು ಯಜಮಾನರು. ಹನ್ನೆರಡು ವರ್ಷದಲ್ಲಿ ನಾನು ನಿಮ್ಮ ಹತ್ತಿರ ಏನೂ ಕೇಳಿಲ್ಲ ಎಂದು ಇವಳು ಅಂದಳು. ಅದು ನಿಜವಾಗಿತ್ತು.

ನೋಡಿದವರು ಮೂವರು: ಅತ್ತೆ, ಯಜಮಾನರು, ಮತ್ತು ಡಬ್ಬಿಗಳನ್ನು ಊರೂರಿಗೆ ಸಾಗಿಸುವ ವ್ಯಾನಿನಣ್ಣ. ವ್ಯಾನಿನಣ್ಣ ಬಂದದ್ದು ಆ ಕೋಣೆಯಲ್ಲಿ ಫ್ಯಾನ್ ಚೆನ್ನಾಗಿತ್ತೆಂದು. ಐದನೇ ರೀಲಿನಲ್ಲಿ ಗುಮಾಸ್ತೆ ಕನ್ನಡಕ ಇಟ್ಟು, ಬಸ್ಸಿನಲ್ಲಿ ಕಳೆದುಹೋಗಿತ್ತು, ತಂದಿದ್ದೀನಿ ಎನ್ನುತ್ತಾಳೆ. ಮುದುಕ ಹೇಳುತ್ತಾನೆ: "ಕಳೆದುಹೋಗಿದ್ದಲ್ಲಮ್ಮ. ಬಿಟ್ಟು ಬಂದಿದ್ದು." ಆಮೇಲೆ ಆ ನಲವತ್ತು ಸೆಕೆಂಡು. ಕನ್ನಡಕ ಯಾರದೋ ಆ ಹೆಂಡತಿ ತೀರಿಹೋದದ್ದು ಯಾವಾಗ, ಹೇಗೆ, ಯಾವುದನ್ನೂ ಸಿನಿಮಾ ಹೇಳುವುದಿಲ್ಲ.

ದೀಪ ಹಾಕಿದಾಗ ವ್ಯಾನಿನಣ್ಣ ಗೋಡೆಯ ಕಡೆ ಮುಖ ಮಾಡಿ ಬೀಡಿ ಹುಡುಕುತ್ತಿದ್ದ.

"ಒಳ್ಳೇ ಸಿನಿಮಾನೇ," ಅಂದರು ಯಜಮಾನರು. "ಏನು ಮಾಡೋದು, ಓಡ್ಲಿಲ್ಲ."

"ಓಡೋಕೆ ಎಲ್ಲಿ ಬಿಟ್ರಿ ಯಜಮಾನ್ರೇ? ಐದು ದಿನಕ್ಕೆ ಕಾಲು ಕಟ್ಟಿ ವಾಪಸ್ ಕರ್ಕೊಂಡು ಬಂದ್ರಿ."

ಯಜಮಾನರು ಕೋಪಿಸಿಕೊಳ್ಳಲಿಲ್ಲ. ಕೋಳಿಯನ್ನ ಕೇಳಿ ಮಸಾಲೆ ಅರೆಯೋಕಾಗಲ್ಲ ಎಂದು ಏನೋ ಗಾದೆ ಹೇಳಿ ಎದ್ದುಹೋದರು. ಆ ಗಾದೆಯಲ್ಲಿ ಕೋಳಿ ಯಾರು ಎಂದು ತನಗೆ ಇವತ್ತಿಗೂ ತಿಳಿದಿಲ್ಲ ಎಂದು ಅತ್ತೆ ಹೇಳುತ್ತಾಳೆ.

ಚೀಟಿ ಬರೆಯುವುದು ಶುರುವಾದದ್ದು ಇದಾದ ಮೇಲೆ. ಸಣ್ಣ ಊರುಗಳ ಚಿತ್ರಮಂದಿರಗಳಿಗೆ ಕೆಲವೊಮ್ಮೆ ಹೊಸ ಸಿನಿಮಾ ತಡವಾಗುತ್ತಿತ್ತು. ಆಗ ಮ್ಯಾನೇಜರುಗಳು ಫೋನ್ ಮಾಡಿ, ಈ ವಾರಕ್ಕೆ ಯಾವುದಾದರೂ ಒಂದು ಕಳಿಸಿ, ಪರದೆ ಖಾಲಿ ಇರಬಾರದು ಅಷ್ಟೇ ಎನ್ನುತ್ತಿದ್ದರು. ಆ ಯಾವುದಾದರೂ ಒಂದನ್ನು ಕಪಾಟಿನಿಂದ ಆರಿಸಿ ಕೊಡುವುದು ಅತ್ತೆಯ ಪಾಲಿಗೆ ಬಂದಿತ್ತು. ಬಂದರಿನ ಊರೊಂದರಿಂದ ಅಂಥ ಕರೆ ಬಂದಾಗ ಅವಳು ಈ ಹನ್ನೊಂದು ಡಬ್ಬಿಗಳನ್ನು ವ್ಯಾನಿಗೆ ಹಾಕಿಸಿದಳು. ಮೊದಲನೇ ಡಬ್ಬಿಯೊಳಗೆ ಒಂದು ಚೀಟಿ ಇಟ್ಟಳು. ಆಪರೇಟರ್ ಅಣ್ಣನಿಗೆ ನಮಸ್ಕಾರ. ಐದನೇ ರೀಲಿನಲ್ಲಿ ಸದ್ದು ಹೋಯಿತೆಂದು ಮೆಷಿನ್ ನಿಲ್ಲಿಸಬೇಡಿ, ಅದು ಹಾಗೆಯೇ ಇರುವುದು. ಮೊದಲ ದಿನ ಜನ ಬರುವುದಿಲ್ಲ. ದಯವಿಟ್ಟು ಮೂರು ದಿನ ತಡೆಯಿರಿ. ಕೆಳಗೆ ಹೆಸರು ಹಾಕಲಿಲ್ಲ.

ಡಬ್ಬಿಗಳು ಎಂಟನೇ ದಿನ ಬರಬೇಕಿತ್ತು, ಬರಲಿಲ್ಲ. ಹದಿನೈದನೇ ದಿನವೂ ಇಲ್ಲ. ಇಪ್ಪತ್ತೆರಡನೇ ದಿನ ಬಂದವು. ಮೊದಲನೇ ಡಬ್ಬಿಯಲ್ಲಿ ಅವಳದೇ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನ ಉತ್ತರವಿತ್ತು. ಮೊದಲ ದಿನ ಒಂಬತ್ತು ಜನ, ಮೂರನೇ ದಿನ ಅರವತ್ತು, ಭಾನುವಾರ ಬಾಗಿಲು ಹಾಕಬೇಕಾಯಿತು. ಹಡಗಿನಿಂದ ಮೂಟೆ ಇಳಿಸುವವರು ಹೆಂಡಿರನ್ನು ಕರೆದುಕೊಂಡು ಎರಡನೇ ಸಲ ಬಂದರು. ಐದನೇ ರೀಲಿನಲ್ಲಿ ಯಾರೂ ಕೆಮ್ಮಲಿಲ್ಲ. ಕೊನೆಯಲ್ಲಿ, ತಾವು ಯಾರು?

ಆ ಚೀಟಿ ಅತ್ತೆಯ ಬಳಿ ಈಗಲೂ ಇದೆ. ಐದನೇ ರೀಲಿನಲ್ಲಿ ಯಾರೂ ಕೆಮ್ಮಲಿಲ್ಲ ಎಂಬ ಸಾಲಿಗಿಂತ ದೊಡ್ಡ ವಿಮರ್ಶೆಯನ್ನು ತಾನು ಓದಿಲ್ಲ ಎನ್ನುತ್ತಾಳೆ. ಅವಳು ವಿಮರ್ಶೆಗಳನ್ನು ಓದುವುದೇ ಇಲ್ಲ ಎಂಬುದು ಬೇರೆ ಮಾತು.

ಮುಂದಿನ ಮೂರು ವರ್ಷಗಳಲ್ಲಿ ಅವಳು ಇಂಥ ಏಳು ಸಿನಿಮಾಗಳನ್ನು ಆರಿಸಿ ಬೇರೆ ಬೇರೆ ಊರಿಗೆ ಕಳಿಸಿದಳು. ಗಡಿಯಾರ ರಿಪೇರಿಯವನೊಬ್ಬನ ನಗೆಚಿತ್ರ. ಇಬ್ಬರು ನರ್ಸುಗಳು ಒಂದೇ ಹಾಸಿಗೆಯನ್ನು ಪಾಳಿಯಲ್ಲಿ ಹಂಚಿಕೊಂಡು ಒಬ್ಬರನ್ನೊಬ್ಬರು ನೋಡದೆಯೇ ಗೆಳತಿಯರಾಗುವ ಸಿನಿಮಾ. ಪೂರ್ತಿ ಒಂದು ಲಿಫ್ಟಿನೊಳಗೆ ನಡೆಯುವ ಇನ್ನೊಂದು. ಪ್ರತಿಯೊಂದಕ್ಕೂ ಒಂದು ಚೀಟಿ. ಇದು ಮೊದಲ ಅರ್ಧಗಂಟೆ ಕುಂಟುತ್ತದೆ, ಮಧ್ಯಾಹ್ನದ ಆಟಕ್ಕೆ ಹಾಕಬೇಡಿ, ಜನ ನಿದ್ದೆ ಮಾಡುತ್ತಾರೆ. ಇದಕ್ಕೆ ಹೆಂಗಸರು ಮೊದಲು ಬರಲಿ, ಅವರೇ ಗಂಡಸರನ್ನು ಕರೆತರುತ್ತಾರೆ. ಹೊಗಳುವುದಕ್ಕಿಂತ ಹೆಚ್ಚಾಗಿ ಸಿನಿಮಾವನ್ನು ಹೇಗೆ ನೋಡಿಕೊಳ್ಳಬೇಕು ಎಂದು ಬರೆಯುತ್ತಿದ್ದಳು, ಮಗುವನ್ನು ನೆಂಟರ ಮನೆಗೆ ಕಳಿಸುವ ತಾಯಿಯ ಹಾಗೆ.

ಎಲ್ಲವೂ ಗೆಲ್ಲಲಿಲ್ಲ. ಅನಾಥಾಶ್ರಮದ ಕಥೆಯ ಒಂದು ಸಿನಿಮಾ ಗಣಿಯ ಊರಿನ ಚಿತ್ರಮಂದಿರವನ್ನು ಎರಡೇ ದಿನದಲ್ಲಿ ಖಾಲಿ ಮಾಡಿತು. ಅಲ್ಲಿಯ ಮ್ಯಾನೇಜರ್ ನೇರ ಯಜಮಾನರಿಗೇ ಕಾಗದ ಬರೆದರು: ನಿಮ್ಮ ಡಬ್ಬಿಯಲ್ಲಿ ಚೀಟಿ ಇಡುವವರಿಗೆ, ಡಿಪೋದವರಿಗೆಲ್ಲ ಗ್ಲೌಸ್ ಕೊಟ್ಟಂತೆ, ಕನ್ನಡಕವನ್ನೂ ಕೊಡಿಸಿ.

ಯಜಮಾನರಿಗೆ ಚೀಟಿಯ ವಿಷಯ ಗೊತ್ತಾದದ್ದು ಆಗಲೇ. ಅತ್ತೆಯನ್ನು ಕರೆಸಿದರು. ಬೈಗುಳ ಜೋರಾಗಿಯೇ ಇತ್ತು ಎಂದು ವ್ಯಾನಿನಣ್ಣ ಆಮೇಲೆ ನಮ್ಮ ಮನೆಗೆ ಬಂದು ವರದಿ ಕೊಟ್ಟ. ನಿನ್ನ ಕೆಲಸ ಅಂಟಿಸೋದು, ಅಭಿಪ್ರಾಯ ಹೇಳೋದಲ್ಲ ಎಂದರಂತೆ. ಅತ್ತೆ ಕಾಗದವನ್ನು ಪೂರ್ತಿ ಓದಿ ವಾಪಸು ಮೇಜಿನ ಮೇಲಿಟ್ಟಳು.

"ಇವರು ಬರ್ದಿರೋದು ಸರಿ," ಎಂದಳು. "ಅದು ನನ್ನ ತಪ್ಪು. ಪಾಪ ಅನ್ನಿಸ್ತು, ಪಾಪ ಅನ್ನಿಸಿದ್ದನ್ನೇ ಚೆನ್ನಾಗಿದೆ ಅಂದ್ಕೊಂಡೆ. ಇನ್ನೊಂದು ಸಲ ಆಗಲ್ಲ."

"ಇನ್ನೊಂದು ಸಲ ಅಂದ್ರೆ? ಇನ್ನೂ ಬರೀತೀಯಾ?"

"ನಾನು ಬರೀದಿದ್ರೆ ಇನ್ಯಾರು ಬರೀತಾರೆ ಹೇಳಿ, ಬಿಡ್ತೀನಿ."

ಯಜಮಾನರಿಗೆ ಬಂದರಿನ ಊರಿನ ಇಪ್ಪತ್ತೆರಡು ದಿನ ನೆನಪಿಗೆ ಬಂತೋ ಏನೋ, ಅಂತೂ ಒಂದು ಷರತ್ತು ಹಾಕಿದರು. ಚೀಟಿಯ ಕೆಳಗೆ ಹೆಸರು ಹಾಕಬೇಕು. ಬೈಗುಳ ಬಂದರೆ ನೇರ ನಿನಗೇ ಬರಲಿ, ನನ್ನ ಮೇಜಿಗೆ ಬೇಡ. ಅಂದಿನಿಂದ ಅವಳು ಗ್ಲೌಸಕ್ಕ ಎಂದು ಸಹಿ ಮಾಡತೊಡಗಿದಳು. ಗಣಿಯ ಊರಿನ ಕಾಗದವನ್ನು ಕೇಳಿ ಪಡೆದು ಕೆಲಸದ ಮೇಜಿನ ಎದುರಿನ ಗೋಡೆಗೆ ಅಂಟಿಸಿಕೊಂಡಳು. ಹೊಗಳಿಕೆಯ ಚೀಟಿಗಳೆಲ್ಲ ಡಬ್ಬಿಯೊಳಗೆ, ಬೈದ ಕಾಗದ ಗೋಡೆಯ ಮೇಲೆ. ಹೀಗೇಕೆ ಎಂದು ಚಿಕ್ಕವಳಿದ್ದಾಗ ನಾನು ಕೇಳಿದ್ದೆ. ಹೊಗಳಿದ್ದು ಮರೆಯಲ್ಲ ಪುಟ್ಟಿ, ಬೈದಿದ್ದು ಮರೆತುಹೋಗತ್ತೆ ಎಂದಳು. ನನ್ನ ಅನುಭವ ಇದಕ್ಕೆ ಪೂರ್ತಿ ಉಲ್ಟಾ. ಅವಳು ಬೇರೆಯೇ ಜಾತಿಯ ಜೀವ ಎಂದು ನನಗೆ ಮೊದಲು ಅನ್ನಿಸಿದ್ದು ಆಗಲೇ ಇರಬೇಕು.

ಹಂಚಿಕೆಯ ಒಪ್ಪಂದ ಏಳು ವರ್ಷದ್ದು. ಅದು ಮುಗಿದ ಮೇಲೆ ಪ್ರಿಂಟನ್ನು ನಿರ್ಮಾಪಕರಿಗೆ ವಾಪಸು ಕೊಡಬೇಕು. ಅವರು ಬೇಡವೆಂದರೆ ಅಥವಾ ಸಿಗದಿದ್ದರೆ ಕಡಿದು ಹಾಕಬೇಕು. ನಿಜವಾಗಿಯೂ ಕೊಡಲಿಯಿಂದಲೇ ಕಡಿಯುತ್ತಿದ್ದರು. ಶನಿವಾರ ಮಧ್ಯಾಹ್ನ ಡಿಪೋದ ಹಿಂದಿನ ಅಂಗಳದಲ್ಲಿ ಮರದ ದಿಮ್ಮಿಯ ಮೇಲೆ ರೀಲು ಇಟ್ಟು ವ್ಯಾನಿನಣ್ಣ ಕೊಡಲಿ ಎತ್ತುವುದು, ಅತ್ತೆ ಪಕ್ಕದಲ್ಲಿ ನಿಂತು ಇಂಥ ಚಿತ್ರ ನಾಶವಾಯಿತು ಎಂದು ಸಹಿ ಹಾಕುವುದು. ಕೆಟ್ಟ ಸಿನಿಮಾಗಳಿಗೆ ಸಹಿ ಹಾಕುವಾಗಲೂ ಅವಳು ಆ ದಿನ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಎಷ್ಟು ಜನ ಎಷ್ಟು ದಿನ ಕೆಲಸ ಮಾಡಿರುತ್ತಾರೆ ಎಂದು ಗೊಣಗುವಳು.

ಕಳೆದ ಸಾಮಾನಿನ ಕೋಣೆಯ ಸಿನಿಮಾದ ಸರದಿ ಬಂದಾಗ ಅವಳಿಗೆ ಮೂವತ್ತೆಂಟು, ನನಗೆ ಹನ್ನೆರಡು. ಅದರ ನಿರ್ದೇಶಕರೇ ಗೆಳೆಯರ ಸಹಾಯದಿಂದ ಅದನ್ನು ನಿರ್ಮಿಸಿದ್ದರು. ಡಿಪೋದಿಂದ ಅವರಿಗೆ ಬರೆದ ಎರಡು ಕಾಗದಗಳೂ ವಿಳಾಸದಾರರು ಇಲ್ಲ ಎಂದು ವಾಪಸು ಬಂದಿದ್ದವು. ಎರಡು ವಾರ ಸಮಯ ಕೊಡಿ ಎಂದು ಅತ್ತೆ ಯಜಮಾನರನ್ನು ಕೇಳಿಕೊಂಡಳು. ಆಮೇಲೆ ಮೊದಲನೇ ರೀಲು ತೆಗೆದು, ಸಿನಿಮಾ ಶುರುವಾಗುವ ಮೊದಲು ಬರುವ ಕೃತಜ್ಞತೆಯ ಪಟ್ಟಿಯನ್ನು ಭೂತಗನ್ನಡಿಯಲ್ಲಿ ಓದಿದಳು. ಜಗತ್ತಿನಲ್ಲಿ ಯಾರೂ ಓದದ ಪಟ್ಟಿ ಅದು. ಅದರಲ್ಲಿ ಒಂದು ಬೇಕರಿಯ ಹೆಸರಿತ್ತು, ಬೀದಿಯ ಹೆಸರೂ ಇತ್ತು.

ಭಾನುವಾರ ನನ್ನನ್ನೂ ಕರೆದುಕೊಂಡು ಎರಡು ಬಸ್ ಬದಲಾಯಿಸಿ ಅಲ್ಲಿಗೆ ಹೋದಳು. ಬೇಕರಿ ಇನ್ನೂ ಇತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಹೆಂಗಸು ನಿರ್ದೇಶಕರ ಅಕ್ಕ. ಅವನು ಈಗ ಕಾರು ಕಲಿಸುತ್ತಾನೆ, ಸಿನಿಮಾ ಸುದ್ದಿ ಎತ್ತಬೇಡಿ, ಮಾತಾಡಲ್ಲ ಎಂದು ಎಚ್ಚರಿಸಿ ದಾರಿ ಹೇಳಿದಳು; ನನ್ನ ಕೈಗೆ ಒಂದು ಬನ್ ಕೊಟ್ಟಳು.

ಡ್ರೈವಿಂಗ್ ಶಾಲೆ ಎಂದರೆ ಪೆಟ್ರೋಲ್ ಬಂಕಿನ ಪಕ್ಕದ ಒಂದು ಶೆಡ್ಡು, ಗೋಡೆಯ ಮೇಲೆ ಸಂಚಾರ ಚಿಹ್ನೆಗಳ ಪಟ, ಹೊರಗೆ ಎರಡು ಬ್ರೇಕಿನ ಒಂದು ಹಳೆಯ ಕಾರು. ನಿರ್ದೇಶಕರಿಗೆ ಆಗ ನಲವತ್ತೊಂದು ವರ್ಷ, ತಲೆ ಆಗಲೇ ನರೆತಿತ್ತು. ಕಾರಿನೊಳಗೆ ಒಬ್ಬ ದಪ್ಪ ಮನುಷ್ಯ ಸ್ಟಿಯರಿಂಗ್ ಹಿಡಿದು ಪಾಠಕ್ಕೆ ಕಾಯುತ್ತಿದ್ದ. ಅತ್ತೆ ತನ್ನ ಕೆಲಸ ಹೇಳಿ, ಪ್ರಿಂಟ್ ಕಡಿಯುವ ವಿಷಯ ಹೇಳಿದಳು.

"ಕಡೀರಿ," ಎಂದರು ನಿರ್ದೇಶಕರು. "ಐದು ದಿನ ಓಡಿದ ಸಿನಿಮಾ. ಯಾರೂ ನೋಡ್ಲಿಲ್ಲಮ್ಮ ಅದನ್ನ."

ಅತ್ತೆ ವಾದ ಮಾಡಲಿಲ್ಲ. ಚೀಲದಿಂದ ಚೀಟಿಗಳ ಕಟ್ಟನ್ನು ತೆಗೆದು ಅವರ ಮುಂದೆ ಇಟ್ಟಳು. ಏಳು ವರ್ಷದಲ್ಲಿ ಆ ಒಂದು ಸಿನಿಮಾವನ್ನು ಅವಳು ಹತ್ತೊಂಬತ್ತು ಊರಿಗೆ ಕಳಿಸಿದ್ದಳು. ಹತ್ತೊಂಬತ್ತು ಉತ್ತರಗಳಿದ್ದವು. ನಿರ್ದೇಶಕರು ನಿಂತೇ ಮೊದಲನೆಯದನ್ನು ಓದಿದರು. ಎರಡನೆಯದಕ್ಕೆ ಕುರ್ಚಿ ಎಳೆದುಕೊಂಡರು. ಹತ್ತಿ ಗಿರಣಿಯ ಊರಿನ ಆಪರೇಟರ್, ನಮ್ಮೂರಿನ ಬಸ್ ನಿಲ್ದಾಣದಲ್ಲಿ ಮರೆತ ಸಾಮಾನು ಕೇಳಲು ಈಗ ಜನ ಹೋಗುತ್ತಿದ್ದಾರೆ ಎಂದು ಬರೆದಿದ್ದ. ಇನ್ನೊಬ್ಬ, ನನ್ನ ತಾಯಿ ಸತ್ತ ಮೇಲೆ ಅಪ್ಪ ಮೊದಲ ಸಲ ಮನೆಯಿಂದ ಹೊರಗೆ ಬಂದದ್ದು ಈ ಸಿನಿಮಾಕ್ಕೆ, ನಾನೇ ಬಲವಂತ ಮಾಡಿ ಕರೆತಂದೆ ಎಂದು ಬರೆದಿದ್ದ.

ಹೊರಗೆ ದಪ್ಪ ಮನುಷ್ಯ ಒಂದು ಸಲ ಹಾರ್ನ್ ಹೊಡೆದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ನಿರ್ದೇಶಕರು ತಲೆ ಎತ್ತಲಿಲ್ಲ. ಹತ್ತೊಂಬತ್ತೂ ಓದಿ ಮುಗಿಸಿ, ಕಟ್ಟನ್ನು ಮೊದಲಿನ ಹಾಗೆಯೇ ಜೋಡಿಸಿ, ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತರು.

"ಇದನ್ನೆಲ್ಲ ಯಾರೂ ನನಗೆ ಹೇಳ್ಲಿಲ್ಲ," ಎಂದರು.

"ನಿಮ್ಮ ವಿಳಾಸ ಇರ್ಲಿಲ್ಲ," ಎಂದಳು ಅತ್ತೆ. "ಈಗ ಹೇಳಿದ್ನಲ್ಲ."

ಪ್ರಿಂಟನ್ನು ನಾಶ ಮಾಡಕೂಡದು, ಅದು ಅತ್ತೆಯ ಸುಪರ್ದಿಯಲ್ಲಿ ಇರಲಿ ಎಂದು ಅವರು ಡ್ರೈವಿಂಗ್ ಶಾಲೆಯ ರಸೀದಿ ಪುಸ್ತಕದ ಹಿಂಬದಿಯಲ್ಲಿಯೇ ಬರೆದು ಸಹಿ ಮಾಡಿಕೊಟ್ಟರು. ಯಜಮಾನರು ಅದನ್ನು ಕಡತಕ್ಕೆ ಸೇರಿಸಿಕೊಂಡರು. ಹೀಗೆ ಹನ್ನೊಂದು ಡಬ್ಬಿಗಳು ನಮ್ಮ ಮನೆಗೆ ಬಂದವು. ಅಜ್ಜಿಗೆ ಪಿತ್ತ ನೆತ್ತಿಗೇರಿತು. ಸೊಸೆ ಬರುವಾಗಲೂ ಇಷ್ಟು ಸಾಮಾನು ಬರಲಿಲ್ಲ ಎಂದಳು. ನನ್ನ ಅಮ್ಮ ಅದಕ್ಕೆ ಇವತ್ತಿಗೂ ನಗುತ್ತಾಳೆ. ಮನೆಯಲ್ಲಿ ತಂಪಾದ ಜಾಗ ಎಂದರೆ ಅಜ್ಜಿಯ ಮಂಚದ ಕೆಳಗೆ. ತಿಂಗಳಿಗೊಮ್ಮೆ ಅತ್ತೆ ಡಬ್ಬಿಗಳನ್ನು ಎಳೆದು, ಮುಚ್ಚಳ ತೆಗೆದು, ಒಂದೊಂದೇ ರೀಲನ್ನು ಗಾಳಿಯಾಡಿಸಿ, ಸಡಿಲ ಮಾಡಿ ಮತ್ತೆ ಸುತ್ತುತ್ತಿದ್ದಳು. ಮೂಗಿನ ಹತ್ತಿರ ಹಿಡಿದು ವಾಸನೆ ನೋಡುವಳು. ಕಾಯಿಲೆಯ ಮಗುವಿನ ಹಣೆ ಮುಟ್ಟಿ ನೋಡಿದಂತೆ ಇರುತ್ತಿತ್ತು ಅದು.

ಮದುವೆಯ ಮಾತು ಎರಡು ಸಲ ಬಂದಿತ್ತು. ಎರಡನೆಯವರು ಡಿಪೋದ ಕೆಲಸ ಬಿಡಬೇಕು ಎಂದರಂತೆ. ಅತ್ತೆ, ಅವರು ಯಾವ ಕೆಲಸ ಬಿಡ್ತಾರೆ ಎಂದು ಕೇಳಿದಳು. ಮಾತು ಅಲ್ಲಿಗೇ ಮುಗಿಯಿತು. ಅವಳು ಅದರ ಬಗ್ಗೆ ಬೇಸರಪಟ್ಟದ್ದನ್ನು ನಾನು ನೋಡಿಲ್ಲ. ಸಂಜೆ ಐದೂವರೆಗೆ ಮನೆಗೆ ಬಂದು, ಕಾಲು ಚಾಚಿ ಕೂತು, ಇವತ್ತು ಏನು ಸಿಕ್ಕಿತು ಗೊತ್ತಾ ಎಂದು ಶುರು ಮಾಡುತ್ತಿದ್ದ ಆ ಮುಖದಲ್ಲಿ ಏನೋ ಕಡಿಮೆಯಿದೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ಚಿತ್ರಮಂದಿರಗಳಿಗೆ ಕಂಪ್ಯೂಟರ್ ಬಂತು, ಫಿಲ್ಮ್ ಹೋಯಿತು. ಡಿಪೋ ಮುಚ್ಚಿದಾಗ ಅತ್ತೆಗೆ ಐವತ್ತೇಳು. ಕೊನೆಯ ದಿನ ಯಜಮಾನರ ಮಗ, ಏನಾದರೂ ನೆನಪಿಗೆ ತೆಗೆದುಕೊಳ್ಳಿ ಎಂದಾಗ ಅವಳು ಆ ಹಾಲುಬಣ್ಣದ ಗಾಜಿನ ಮೇಜನ್ನು ಕೇಳಿದಳು. ನಮ್ಮ ಮನೆಯಲ್ಲಿ ಅದರ ಮೇಲೆ ಈಗ ಇಸ್ತ್ರಿ ಮಾಡುತ್ತೇವೆ.

ಅದಾಗಿ ಹದಿಮೂರು ವರ್ಷದ ಮೇಲೆ, ಅಂದರೆ ನಾಲ್ಕು ವರ್ಷದ ಹಿಂದೆ, ಹಳೆಯ ಚಿತ್ರಗಳನ್ನು ಕಾಪಾಡುವ ಸಂಸ್ಥೆಯೊಂದರಿಂದ ಒಬ್ಬಳು ಹುಡುಗಿ ನಮ್ಮ ಮನೆಯ ಬಾಗಿಲು ತಟ್ಟಿದಳು. ಕಳೆದ ಸಾಮಾನಿನ ಕೋಣೆಯ ಸಿನಿಮಾದ ಮೂಲ ನೆಗೆಟಿವ್ ಲ್ಯಾಬೊಂದರ ಗೋದಾಮಿನಲ್ಲಿ ನೀರು ನುಗ್ಗಿ ಹಾಳಾಗಿದೆ, ಬೇರೆ ಪ್ರಿಂಟ್ ಎಲ್ಲಿಯೂ ಉಳಿದಿಲ್ಲ, ನಿರ್ದೇಶಕರು ನಿಮ್ಮ ವಿಳಾಸ ಕೊಟ್ಟರು ಎಂದಳು. ಅತ್ತೆ ಅವಳನ್ನು ಒಳಗೆ ಕರೆದು, ಮೊದಲು ಕೈ ತೊಳ್ಕೊಂಡು ಬಾ ಎಂದಳು. ಹುಡುಗಿ ತೊಳೆದುಕೊಂಡು ಬಂದು ತನ್ನ ಚೀಲದಿಂದ ತನ್ನದೇ ಬಿಳಿ ಗ್ಲೌಸ್ ತೆಗೆದು ಹಾಕಿಕೊಂಡಳು. ಆಮೇಲೆ ಅವರಿಬ್ಬರ ನಡುವೆ ನಮಗೆ ಯಾರಿಗೂ ಜಾಗವಿರಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕೂತು ಹನ್ನೊಂದು ರೀಲನ್ನೂ ನೋಡಿ ಮುಗಿಸಿದರು. ಇಷ್ಟು ಹಳೆಯ ಫಿಲ್ಮ್ ಕುಗ್ಗದೆ, ಸೊಟ್ಟಗಾಗದೆ ಇರುವುದನ್ನು ತಾನು ಮನೆಯೊಂದರಲ್ಲಿ ನೋಡಿದ್ದು ಇದೇ ಮೊದಲು ಎಂದು ಹುಡುಗಿ ಹೇಳಿದಳು.

ಸಂಸ್ಥೆಯವರು ಅದನ್ನು ಒಂದು ವರ್ಷ ಇಟ್ಟುಕೊಂಡು ಫಿಲ್ಮಿನ ಪ್ರತಿಯೊಂದು ಚಿತ್ರಚೌಕವನ್ನೂ ಕಂಪ್ಯೂಟರಿಗೆ ಏರಿಸಿ ಶುದ್ಧ ಮಾಡಿದರು. ತೋರಿಸುವ ದಿನ ಆರುನೂರು ಕುರ್ಚಿಯ ಸಭಾಂಗಣ ತುಂಬಿತ್ತು, ಮೆಟ್ಟಿಲ ಮೇಲೂ ಜನ. ನಿರ್ದೇಶಕರು ಕೋಲು ಹಿಡಿದು ಬಂದು ಅತ್ತೆಯ ಪಕ್ಕದಲ್ಲಿ ಕೂತರು. ನಾನು ಈ ಪಕ್ಕ ಕೂತಿದ್ದೆ. ಅಷ್ಟು ವರ್ಷದಲ್ಲಿ ಅತ್ತೆ ಆ ಸಿನಿಮಾವನ್ನು ಸದ್ದಿನೊಂದಿಗೆ ನೋಡುತ್ತಿದ್ದದ್ದು ಎರಡನೇ ಸಲ. ಮುದುಕ ಆ ಮಾತು ಹೇಳಿದ ಮೇಲೆ ಸಭಾಂಗಣದಲ್ಲಿ ಎಷ್ಟು ಮೌನವಿತ್ತೆಂದರೆ ಹಿಂದಿನ ಸಾಲಿನವರ ಉಸಿರು ನನಗೆ ಕೇಳುತ್ತಿತ್ತು. ಮುಗಿದ ಮೇಲೆ ಜನ ಎದ್ದು ನಿಂತರು. ಚಪ್ಪಾಳೆ ನಿಲ್ಲಲೇ ಇಲ್ಲ.

ನಿರ್ದೇಶಕರನ್ನು ವೇದಿಕೆಗೆ ಕರೆದರು. ಅವರು ತಮಗೆ ಮಾತು ಬರುವುದಿಲ್ಲ ಎಂದು ಹೇಳಿ, ಮೈಕನ್ನು ಬಾಯಿಂದ ದೂರ ಹಿಡಿದುಕೊಂಡೇ, ಈ ಸಿನಿಮಾ ಮಾಡಿದ್ದು ನಾನು, ಉಳಿಸಿದ್ದು ಅವರು ಎಂದು ಅತ್ತೆಯ ಕಡೆ ಕೈ ತೋರಿಸಿದರು. ಎಲ್ಲರೂ ತಿರುಗಿ ನೋಡಿದರು. ಅತ್ತೆ ನನ್ನ ಕಿವಿಯಲ್ಲಿ, ಏನಂತ ಹೇಳಿದ್ರು, ಮೈಕೇ ಸರಿಯಾಗಿ ಹಿಡಿಯಲ್ಲ ಎಂದಳು. ನಾನು ಹೇಳಿದೆ. ಅವಳು ಎದ್ದು ಕೈಮುಗಿದು ಕೂತಳು. ಅವಳ ಗಲ್ಲ ಒದ್ದೆಯಾಗಿತ್ತು. ಅದನ್ನು ಅವಳು ಮುಚ್ಚಿಟ್ಟುಕೊಳ್ಳಲೂ ಇಲ್ಲ.

ಆ ಸಂಜೆಯ ನಂತರ ಜನ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಇನ್ನೂ ಯಾವ ಯಾವ ಸಿನಿಮಾ ನೋಡಬೇಕು ಎಂದು ಕೇಳುತ್ತಾರೆ. ಅವಳು ಬಾಯಿಪಾಠದಿಂದ ಹೇಳುತ್ತಾಳೆ. ನರ್ಸುಗಳ ಸಿನಿಮಾದ ಪ್ರಿಂಟ್ ಗೋದಾಮೊಂದರಲ್ಲಿ ಸಿಕ್ಕಿದೆ, ಗಡಿಯಾರದವನದು ಸಿಕ್ಕಿಲ್ಲ. ಸಂಸ್ಥೆಯ ಹುಡುಗಿ ತಿಂಗಳಿಗೊಮ್ಮೆ ಬಂದು ಅವಳ ನೆನಪಿನಿಂದ ಬರೆದುಕೊಂಡು ಹೋಗುತ್ತಾಳೆ. ಅತ್ತೆ ಹೇಳಿದ ಊರುಗಳಲ್ಲಿ ಹುಡುಕಿಸುತ್ತಾಳೆ.

ನಿರ್ದೇಶಕರಿಗೆ ಈಗ ಎಪ್ಪತ್ತೇಳು. ಡ್ರೈವಿಂಗ್ ಶಾಲೆಯನ್ನು ಅಳಿಯನಿಗೆ ಬಿಟ್ಟಿದ್ದಾರೆ. ಕಳೆದ ವರ್ಷದಿಂದ ಎರಡನೇ ಸಿನಿಮಾ ಬರೆಯುತ್ತಿದ್ದಾರೆ, ಸಂಸ್ಥೆಯವರೇ ಒಬ್ಬ ನಿರ್ಮಾಪಕರನ್ನು ಹೊಂದಿಸಿದ್ದಾರೆ. ಬರೆದಷ್ಟನ್ನು ಗುರುವಾರ ತಂದು ಅತ್ತೆಗೆ ಓದಿ ಹೇಳುತ್ತಾರೆ. ಹೋದ ಗುರುವಾರ ಅವಳು ಕೊನೆಯವರೆಗೂ ಸುಮ್ಮನೆ ಕೇಳಿದಳು.

"ಮೊದಲರ್ಧ ಚಿನ್ನ," ಎಂದಳು. "ಎರಡನೇ ಅರ್ಧ ಜನಕ್ಕೆ ಇಷ್ಟ ಆಗ್ಲಿ ಅಂತ ಬರ್ದಿದ್ದೀರಿ. ಅದು ನಿಮ್ಮದಲ್ಲ. ತಗೊಂಡು ಹೋಗಿ ಮತ್ತೆ ಬರೀರಿ."

ಅವರಿಗೆ ಸಿಟ್ಟು ಬಂತು. ಟೀಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರು. ಈ ಬೆಳಿಗ್ಗೆ ಫೋನ್ ಮಾಡಿ, ಹದಿನಾಲ್ಕು ಪುಟ ಹರಿದುಹಾಕಿದ್ದೀನಿ, ಸಂಜೆ ಮನೆಯಲ್ಲಿ ಇರ್ತೀರಾ ಎಂದು ಕೇಳಿದರು. ಅತ್ತೆ ಇರುತ್ತೇನೆ ಎಂದಳು.